ಸೇವೆ ಎನ್ನಬೇಕಾದವರು ಯಾರು?



ಕಳೆದ ಕ್ರಿಸ್ಮಸ್‌ಗೆ ನಮ್ಮ ಯುವಜನರು ಆಡಿದ ನಾಟಕ ನಿಮಗೆ ನೆನಪಿರಬಹುದು. ಅದನ್ನು ಬರೆದುಕೊಟ್ಟ ಅಕ್ಕ ಮೂರು ವಾರ ರಾತ್ರಿ ಕೂತು ಬರೆದರು; ನಾವು ಹೇಳಿದಾಗಲೆಲ್ಲ ತಿದ್ದಿಕೊಟ್ಟರು. ಮೈಕ್‌ಸೆಟ್‌ನವರಿಗೂ ಶಾಮಿಯಾನದವರಿಗೂ ಅಂದು ರಾತ್ರಿಯೇ ಹಣ ಕೊಟ್ಟೆವು. ಅಕ್ಕನಿಗೆ ಶಾಲು ಹೊದಿಸಿದೆವು. ವಾರ ಕಳೆದ ಮೇಲೆ ಅವರು ಹಿಂಜರಿಯುತ್ತಲೇ, "ಏನಾದ್ರೂ ಕೊಡಾಕಾಗ್ತದೇನಪ್ಪಾ?" ಎಂದು ಕೇಳಿದರು. "ಇದು ದೇವರ ಸೇವೆ ಅಲ್ವಾ ಅಕ್ಕಾ" ಎಂದುಬಿಟ್ಟೆ. ಅವರು ನಕ್ಕು ಸುಮ್ಮನಾದರು. ಆ ನಗು ನನ್ನನ್ನು ಇನ್ನೂ ಚುಚ್ಚುತ್ತಿದೆ.

ನಮ್ಮ ಸೆಟ್ಟೂರು ಕಡೆ ಶೇಂಗಾ ಕೀಳಲು ಬಂದವರ ಕೂಲಿ ಉಳಿಸಿಕೊಂಡರೆ ಊರೇ ಬೈಯುತ್ತದೆ. ಲೇಖನಿ ಹಿಡಿದ ಕೈಗೆ ಮಾತ್ರ ಬೇರೆ ನ್ಯಾಯವೇ? ಬರೆಯುವವರ ಬೆವರು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕನ್ನಡ ಕಾದಂಬರಿಯ ಆರಂಭದ ದಿನಗಳಲ್ಲಿ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಇಂದು ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅಷ್ಟು ದೊಡ್ಡ ಲೇಖಕರು ಹೊರೆ ಹೊರಬೇಕಾಗಿ ಬಂದದ್ದೇಕೆ ಎಂದು ಕೇಳುವುದಿಲ್ಲ. ಬರೆಯುವವರ ಬಡತನವನ್ನು ಹೊಗಳಲು ಖರ್ಚಿಲ್ಲವಲ್ಲ!

"ಹಾಗಾದರೆ ಧರ್ಮಕೇಂದ್ರದಲ್ಲಿ ಉಚಿತ ಸೇವೆಯೇ ಬೇಡವೇ?" ಎಂದು ನೀವು ಕೇಳಬಹುದು. ಸಂತ ಪೌಲರನ್ನು ನೋಡಿ. ಅವರು ಗುಡಾರ ಹೊಲಿದು ಹೊಟ್ಟೆ ಹೊರೆದವರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ, ಶುಭಸಂದೇಶ ಸಾರುವವರಿಗೆ ಅದರಿಂದಲೇ ಜೀವನ ನಡೆಸುವ ಹಕ್ಕಿದೆ ಎಂದು ಅವರು ಗಟ್ಟಿಯಾಗಿ ವಾದಿಸುತ್ತಾರೆ. ಆಮೇಲೆ ಆ ಹಕ್ಕನ್ನು ತಾವಾಗಿಯೇ ಬಿಟ್ಟುಕೊಡುತ್ತಾರೆ. ಬಿಟ್ಟುಕೊಟ್ಟವರು ಪೌಲರು, ಕೊರಿಂಥದವರಲ್ಲ. ದುಡಿದವರು ತಾವಾಗಿ "ಬೇಡ" ಎಂದರೆ ಅದು ಸೇವೆ. ದುಡಿಸಿಕೊಂಡವರು "ಸೇವೆ ಅಲ್ಲವೇ" ಎಂದರೆ ಅದು ಬಾಕಿ ಉಳಿಸಿಕೊಂಡ ಕೂಲಿ.

ಬಾಯಿಬಿಟ್ಟು ಕೇಳಲಿಲ್ಲವೆಂದರೆ ಒಪ್ಪಿದ್ದಾರೆಂದು ಅರ್ಥವಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋರವರು 'ರೇರುಮ್ ನೊವಾರುಮ್' ಪತ್ರದಲ್ಲಿ ಇದನ್ನೇ ತಿಳಿಸಿದರು: ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗದು, ಅದು ಅವನ ಬದುಕಿಗೆ ಸಾಲಬೇಕು.

ನಮ್ಮದು ಚಿಕ್ಕ ಸಭೆ, ಕೈಯಲ್ಲಿ ಹಣ ಕಡಿಮೆ, ನಿಜ. ಹಾಗಿದ್ದರೆ ಕೆಲಸ ಹೇಳುವ ಮೊದಲೇ, "ಇಷ್ಟು ಕೊಡಬಲ್ಲೆವು, ಆದೀತೇ?" ಎಂದು ಕೇಳೋಣ. ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿರಲಿ.

ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಬಾಕಿ ಇನ್ನೂ ತೀರಿಲ್ಲ. ಮುಂದಿನ ಯುವಜನರ ಸಭೆಯಲ್ಲಿ ಅದೇ ಮೊದಲ ವಿಷಯ, ತಪ್ಪದೆ ಬನ್ನಿ.