ನ್ಯಾಯ್ಯ ಭಾರ: ಡೀಸೆಲ್ ಎಂಜಿನ್ನಿನ ಎಳೆತ ಮತ್ತು ಶ್ರಾವಕನ ವ್ರತ

ಡೀಸೆಲ್ ವಾಹನಗಳನ್ನು ಒಂದರೊಡನೊಂದು ತೂಗಿ ನೋಡುವಾಗ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು: ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಎಷ್ಟು ಭಾರ ಎಳೆಯುತ್ತದೆ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಹಾರೂಗೇರಿಯ ಸುತ್ತಲಿನ ಸೀಮೆಯಲ್ಲಿ ಇವು ಹೊಟ್ಟೆಪಾಡಿನ ಪ್ರಶ್ನೆಗಳು. ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿಗಳ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಉಗಾರದಂಥ ಹಳೆಯ ಕಾರ್ಖಾನೆಗಳತ್ತಲೂ ಆಮೇಲೆ ಎದ್ದ ಹತ್ತಾರು ಹೊಸ ಕಾರ್ಖಾನೆಗಳತ್ತಲೂ ಸಾಲುಗಟ್ಟುತ್ತವೆ. ತರಕಾರಿ, ಮೇವು, ಬೆಲ್ಲ ಸಾಗಿಸುವ ಬೊಲೆರೊ ಪಿಕಪ್‌ಗಳು ಅವುಗಳ ನಡುವೆ ಸಂದು ಹುಡುಕುತ್ತ ಸಾಗುತ್ತವೆ. ಆದರೆ ಎಷ್ಟು ಎಳೆಯಬಲ್ಲದು, ಎಷ್ಟು ಕುಡಿಯುತ್ತದೆ ಎಂಬ ಎರಡಕ್ಕೂ ಉತ್ತರ ಸಿಕ್ಕ ಮೇಲೆ, ಎಷ್ಟು ಹೇರುವುದು ನ್ಯಾಯ ಎಂಬ ಮೂರನೆಯ ಪ್ರಶ್ನೆ ತಾನಾಗಿ ಬಗೆಹರಿಯುವುದೇ ಎಂಬುದು ಯಂತ್ರಶಾಸ್ತ್ರವನ್ನು ದಾಟಿ ಧರ್ಮಶಾಸ್ತ್ರಕ್ಕೆ ಬರುವ ವಿಚಾರ. ಈ ಸೀಮೆಯಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದಿರುವ ಜೈನ ಒಕ್ಕಲುಗಳ ಶ್ರಾವಕಾಚಾರ ಗ್ರಂಥಗಳು, ಅಂದರೆ ಗೃಹಸ್ಥರ ನಡವಳಿಕೆಯನ್ನು ವಿಧಿಸುವ ಗ್ರಂಥಗಳು, ಎಂಜಿನ್ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿವೆ.

ಮೊದಲು ಯಂತ್ರದ ಗುಣವನ್ನು ತಿಳಿಯಬೇಕು. ಪೆಟ್ರೋಲ್ ಎಂಜಿನ್ ಕಿಡಿಯಿಂದ ಉರಿಯುತ್ತದೆ; 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಕಾವಿನ ಹೆಚ್ಚು ಪಾಲು ಕೆಲಸವಾಗಿ ಮಾರ್ಪಡುವುದರಿಂದಲೂ, ಒಳಬರುವ ಗಾಳಿಗೆ ತಡೆ ಒಡ್ಡದೆ ಇಂಧನದ ಪ್ರಮಾಣವನ್ನಷ್ಟೇ ಹೆಚ್ಚು ಕಡಿಮೆ ಮಾಡಿ ವೇಗವನ್ನು ಹಿಡಿತದಲ್ಲಿಡುವುದರಿಂದಲೂ ಡೀಸೆಲ್ ಎಂಜಿನ್ ಮಿತವ್ಯಯಿ. ನಿಧಾನವಾಗಿ ತಿರುಗುವಾಗಲೂ ಅಚ್ಚಿಗೆ ಹೆಚ್ಚಿನ ತಿರುಚು ಬಲ ಕೊಡುವುದರಿಂದ ಅದು ಎಳೆತಕ್ಕೂ ಒಗ್ಗಿದ್ದು. ಹೀಗೆ ಉಳಿತಾಯ ಮತ್ತು ಬಲ ಎಂಬ ಎರಡು ಗುಣಗಳು ಒಂದೇ ಲೋಹದೊಳಗೆ ಕೂಡಿ ಬಂದುದೇ ಹೊಲದಿಂದ ಕಾರ್ಖಾನೆಯವರೆಗಿನ ದಾರಿಯನ್ನೆಲ್ಲ ಡೀಸೆಲ್ ಆವರಿಸಿಕೊಳ್ಳಲು ಕಾರಣ.

ಈ ಎರಡು ಗುಣಗಳನ್ನು ಒಂದೇ ಲೆಕ್ಕಕ್ಕೆ ತರಲು ಹೊರಟಾಗ ಒಂದು ವಿಚಿತ್ರ ಎದುರಾಗುತ್ತದೆ. ಬರಿದಾಗಿ ಓಡುವಾಗ ಲೀಟರಿಗೆ 14 ಕಿಲೋಮೀಟರ್ ಕೊಡುವ ಪಿಕಪ್ ಒಂದೂವರೆ ಟನ್ ಹೇರಿದಾಗ 11 ಕೊಡುತ್ತದೆ ಎಂದು ಭಾವಿಸಿದರೆ, ಮೈಲೇಜ್ ಇಳಿಯಿತು ಎಂದು ಮಾಲೀಕ ಮರುಗಬಹುದು; ಆದರೆ ಸಾಗಿದ ಸರಕನ್ನೂ ದೂರವನ್ನೂ ಗುಣಿಸಿ ಬರುವ ಟನ್-ಕಿಲೋಮೀಟರ್ ಎಂಬ ಮಾನದಲ್ಲಿ ಅಳೆದರೆ ಲೀಟರಿಗೆ ಹದಿನಾರೂವರೆ ಸಿಕ್ಕಿತು. ಅದೇ ವಾಹನಕ್ಕೆ ಮಿತಿ ಮೀರಿ ಮೂರು ಟನ್ ಹೇರಿ ಮೈಲೇಜ್ ಎಂಟಕ್ಕೆ ಇಳಿದರೂ ಲೆಕ್ಕ ಇಪ್ಪತ್ನಾಲ್ಕಕ್ಕೆ ಏರುತ್ತದೆ, ಏಕೆಂದರೆ ವಾಹನ ತನ್ನ ಸ್ವಂತ ತೂಕವನ್ನು ಹೇಗಿದ್ದರೂ ಹೊತ್ತು ಸಾಗಲೇಬೇಕು, ಎದುರು ಗಾಳಿಯ ತಡೆ ಸರಕಿನ ತೂಕಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಎಂದರೆ ಉಳಿತಾಯದ ಅತ್ಯಂತ ಕಟ್ಟುನಿಟ್ಟಾದ ಅಳತೆಗೋಲಿನಲ್ಲಿ ಅತಿಭಾರವು ದುಂದಾಗಿ ತೋರುವುದೇ ಇಲ್ಲ, ಜಾಣತನವಾಗಿಯೇ ತೋರುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಆ ಮಾನ ತನ್ನೊಳಗಿನಿಂದ ಹೇಳಲಾರದು. ಅಚ್ಚು ಮುರಿದಾಗ ಮಾತ್ರ ಅದು ಬಾಯಿಬಿಡುತ್ತದೆ.

ಎಳೆತದ ಬಲವನ್ನೇ ಹಿರಿಮೆಯಾಗಿಸಿಕೊಂಡ ನಾಡಿನಲ್ಲಿ ಅಳತೆಯ ಈ ಓರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದಲ್ಲಿ ಪಿಕಪ್‌ಗಳ ಎಳೆತದ ಸಾಮರ್ಥ್ಯವನ್ನು ನಿಗದಿಪಡಿಸಲು ಎಸ್‌ಎಇ ಸಂಸ್ಥೆಯ ಜೆ 2807 ಎಂಬ ಮಾನಕವಿದೆ. ಅದರಲ್ಲಿ ಅರಿಜೋನದ ಡೇವಿಸ್ ಡ್ಯಾಮ್ ಏರನ್ನು ಬಿಸಿಲಿನಲ್ಲಿ, ಟ್ರೇಲರ್ ಸಮೇತ, ನಿಗದಿತ ವೇಗಕ್ಕಿಂತ ಕೆಳಗೆ ಕುಸಿಯದೆ ಹತ್ತುವ ಪರೀಕ್ಷೆ ಸೇರಿದೆ. ಅದೇ ದೇಶದಲ್ಲಿ ಸರಕು ಸೇರಿದ ಗರಿಷ್ಠ ಒಟ್ಟು ತೂಕ 8,500 ಪೌಂಡ್, ಅಂದರೆ ಸುಮಾರು 3,855 ಕಿಲೋಗ್ರಾಂ ಮೀರಿದ ಭಾರಿ ಪಿಕಪ್‌ಗಳ ಗಾಜಿನ ಮೇಲೆ ಮೈಲೇಜ್ ಚೀಟಿ ಅಂಟಿಸಬೇಕೆಂಬ ಕಡ್ಡಾಯವಿಲ್ಲ. ಎಳೆಯುವ ಶಕ್ತಿ ಪೌಂಡ್ ಪೌಂಡ್ ಲೆಕ್ಕದಲ್ಲಿ ಜಾಹೀರಾಗುವಲ್ಲಿ ಉಣ್ಣುವ ಲೆಕ್ಕ ಮರೆಗೆ ಸರಿಯಲು ಹೀಗೆ ಎಡೆಯಾಗುತ್ತದೆ; ಯಾವುದನ್ನು ಅಳೆದು ತೋರಿಸಬೇಕು, ಯಾವುದನ್ನು ಬಿಡಬಹುದು ಎಂಬ ಆಯ್ಕೆಯಲ್ಲೇ ಮೌಲ್ಯದ ತೀರ್ಮಾನವೊಂದು ಅಡಗಿರುತ್ತದೆ.

ಜೈನ ಆಚಾರ್ಯರು ಈ ಪ್ರಶ್ನೆಯನ್ನು ಎತ್ತಿನ ಹೆಗಲಿನಿಂದ ಆರಂಭಿಸಿದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ನಿರೂಪಿಸುತ್ತದೆ. ವ್ರತವನ್ನು ಪೂರ್ತಿ ಮುರಿಯದೆ ಅದರ ಅಂಚನ್ನು ಸವೆಸುವ ತಪ್ಪಿಗೆ ಅತಿಚಾರವೆಂದು ಹೆಸರು. ಗೃಹಸ್ಥನ ಅಹಿಂಸಾಣುವ್ರತಕ್ಕೆ, ಎಂದರೆ ಅಹಿಂಸೆಯ ಕಿರುವ್ರತಕ್ಕೆ, ಅಲ್ಲಿ ಹೇಳಿರುವ ಐದು ಅತಿಚಾರಗಳು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಭಾರಾರೋಪಣ ಎಂದರೆ ಮಿತಿಮೀರಿ ಹೇರುವುದು, ಮತ್ತು ಅನ್ನನೀರು ತಡೆಯುವುದು. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಅತಿಭಾರವನ್ನು ನ್ಯಾಯ್ಯ ಭಾರಕ್ಕಿಂತ ಹೆಚ್ಚಿನದು ಎಂದು ವಿವರಿಸುತ್ತಾರೆ. ಹೊರಬಲ್ಲಷ್ಟು ಭಾರವೇ ಬೇರೆ, ನ್ಯಾಯವಾದ ಭಾರವೇ ಬೇರೆ. ಎತ್ತು ಒದ್ದಾಡುತ್ತಲೇ ಎಳೆದುಬಿಡಬಹುದಾದ ಹೇರು ಅದರ ಶಕ್ತಿಯೊಳಗಿದ್ದೂ ನ್ಯಾಯದ ಹೊರಗಿರಬಹುದು. ಭಾರತದ ಕಾನೂನು ಈ ವಿವೇಕವನ್ನು ತಡವಾಗಿ, ಬೇರೆ ಭಾಷೆಯಲ್ಲಿ ಒಪ್ಪಿಕೊಂಡಿತು: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ಬಂದ ನಿಯಮಗಳು ಭಾರ ಎಳೆಯುವ ಪ್ರಾಣಿಗಳ ಗಾತ್ರಕ್ಕೆ ತಕ್ಕಂತೆ ಹೇರಿನ ಮಿತಿಯನ್ನು ಗೊತ್ತುಪಡಿಸಿ, ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು, ಮತ್ತು ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಅವನ್ನು ದುಡಿಸಕೂಡದೆಂದು ವಿಧಿಸುತ್ತವೆ.

ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಈ ದೋಷವೇ ಕರಗಿಹೋಯಿತೆಂದು ವಾದಿಸಲು ಅವಕಾಶವಿದೆ, ಆ ವಾದ ಹಗುರವಾದುದೂ ಅಲ್ಲ. ಕಾರ ಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೆಗಲಿನಿಂದ ನೊಗ ಇಳಿಸುವ ಒಕ್ಕಲಿಗನು ಖಂಡೇನವಮಿಯಂದು ಟ್ರ್ಯಾಕ್ಟರಿಗೂ ಹೂ ಏರಿಸುತ್ತಾನಾದರೂ, ಮೊದಲನೆಯದರಲ್ಲಿ ನೋವು ತಿಳಿದ ಜೀವದ ಋಣವಿದೆ, ಎರಡನೆಯದರಲ್ಲಿ ಸಾಧನದ ಮೇಲಿನ ಗೌರವವಿದೆ. ಯಂತ್ರಕ್ಕೆ ಇಂದ್ರಿಯಗಳಿಲ್ಲ, ಅದರ ಮೇಲೆ ಎಷ್ಟೇ ಹೇರಿದರೂ ಅದಕ್ಕೆ ಹಿಂಸೆಯಾಗದು. ಸಾವಿರಾರು ಎತ್ತುಗಳ ಹೆಗಲ ಹುಣ್ಣನ್ನು ಮಾಯಿಸಿದ ಡೀಸೆಲ್ ಎಂಜಿನ್ ಆ ಮಟ್ಟಿಗೆ ಅಹಿಂಸೆಯ ಉಪಕರಣವೇ ಆಗಿದೆ ಎಂಬುದನ್ನು ಒಪ್ಪದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು.

ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಈ ವಾದದ ಪಕ್ಕದಲ್ಲಿಟ್ಟರೆ ಚಿತ್ರ ಬದಲಾಗುತ್ತದೆ. ಆ ಗ್ರಂಥವು ಅತಿಭಾರವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಉಳಿಸಿಕೊಂಡೂ ಪರಿಗ್ರಹಪರಿಮಾಣ ವ್ರತದ, ಅಂದರೆ ಆಸ್ತಿಪಾಸ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ವ್ರತದ ಅತಿಚಾರಗಳಲ್ಲಿ ಅದನ್ನು ಮತ್ತೊಮ್ಮೆ ಎಣಿಸುತ್ತದೆ. ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ ಮುಂತಾದವುಗಳ ಮಿತಿ ಮೀರುವುದೆಂದು ವಸ್ತುಗಳ ಲೆಕ್ಕದಲ್ಲಿ ಹೇಳಿದ್ದರೆ, ಸಮಂತಭದ್ರರ ಪಟ್ಟಿಯಲ್ಲಿ ಬರುವುವು ಅತಿವಾಹನ, ಅತಿಸಂಗ್ರಹ, ಪರರ ಸಿರಿ ಕಂಡು ಬೆರಗಾಗುವ ವಿಸ್ಮಯ, ಲೋಭ ಮತ್ತು ಅತಿಭಾರವಹನ. ಎತ್ತು ಸುಖವಾಗಿ ನಡೆಯಬಲ್ಲ ದೂರಕ್ಕಿಂತ ಹೆಚ್ಚು ಅದನ್ನು ನಡೆಸುವುದೇ ಅತಿವಾಹನವೆಂದೂ, ಅದರ ಬೇರು ಲೋಭದ ಆವೇಶವೆಂದೂ ವ್ಯಾಖ್ಯಾನಕಾರ ಪ್ರಭಾಚಂದ್ರರು ವಿವರಿಸುತ್ತಾರೆ. ಒಂದೇ ಕೃತ್ಯ ಎರಡು ವ್ರತಗಳನ್ನು ಸವೆಸುತ್ತದೆ ಎಂದಾದರೆ, ಹೊತ್ತವನಿಗೆ ಆಗುವ ನೋವು ಒಂದು ದೋಷ, ಹೇರಿದವನ ಮನಸ್ಸಿನಲ್ಲಿ ಬೆಳೆಯುವ ಆಸೆ ಇನ್ನೊಂದು ದೋಷ. ಎತ್ತನ್ನು ಬಿಚ್ಚಿ ಎಂಜಿನ್ ಹೂಡಿದಾಗ ಅಳಿಯುವುದು ಮೊದಲನೆಯದು. ಎರಡನೆಯದು ಹೇರುವ ಮನುಷ್ಯ ಇರುವತನಕ ಇರುತ್ತದೆ.

ಮೊದಲ ದೋಷವಾದರೂ ಪೂರ್ತಿ ಅಳಿಯುತ್ತದೆಯೇ ಎಂಬುದೂ ವಿಚಾರಾರ್ಹ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಹೊರಟ ಲೆಕ್ಕಾಚಾರದ ಪ್ರಕಾರ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಹೇರಿದವನಿಗೆ ಎರಡು ಪಾಲು ಲಾಭ ತರುವ ಭಾರವು ಊರವರೆಲ್ಲರ ದಾರಿಗೆ ಹದಿನಾರು ಪಾಲು ಸವೆತ ತರುತ್ತದೆ ಎಂದರೆ, ಎತ್ತಿನ ಹೆಗಲಿನಿಂದ ಇಳಿದ ನೋವು ಹೆಸರಿಲ್ಲದ ಅನೇಕರ ಮೇಲೆ ಹರಡಿಕೊಂಡಿತೆಂದೇ ಅರ್ಥ. ಒಂದು ಲೀಟರ್ ಡೀಸೆಲ್ ಉರಿದಾಗ ಹೊರಬರುವ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್‌ ಕೂಡ ಇಂಥದೇ ಹೆಸರಿಲ್ಲದ ಲೆಕ್ಕಕ್ಕೆ ಸೇರುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲೇ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು ಸೇರಿಸಿದೆ; ಹಿಂಬದಿಯ ದೀಪವಾಗಲಿ ಪ್ರತಿಫಲಕ ಪಟ್ಟಿಯಾಗಲಿ ಇಲ್ಲದ, ಬ್ರೇಕಿನ ಹಿಡಿತಕ್ಕೆ ಮೀರಿ ಕಬ್ಬು ಒಟ್ಟಿದ ಟ್ರೇಲರನ್ನು ರಾತ್ರಿ ರಸ್ತೆಗಿಳಿಸುವುದು, ಯಾರಿಗೂ ಕೇಡು ಬಗೆಯದ ಮನಸ್ಸಿನಿಂದ ನಡೆದರೂ, ಆ ಲಕ್ಷಣದೊಳಗೆ ಬರುತ್ತದೆ.

ಇದಕ್ಕೆ ಜೈನ ತತ್ತ್ವದ ಒಳಗಿನಿಂದಲೇ ಒಂದು ಬಲವಾದ ಆಕ್ಷೇಪ ಏಳುತ್ತದೆ. ಬೆಂಕಿಯನ್ನೇ ಮೈಯಾಗಿ ಉಳ್ಳ ತೇಜಸ್ಕಾಯಿಕ, ಗಾಳಿಯನ್ನೇ ಮೈಯಾಗಿ ಉಳ್ಳ ವಾಯುಕಾಯಿಕ ಎಂಬ ಏಕೇಂದ್ರಿಯ ಜೀವಗಳಿವೆಯೆಂದು ಒಪ್ಪುವ ದರ್ಶನದಲ್ಲಿ ಎಂಜಿನ್ನಿನ ಪ್ರತಿಯೊಂದು ಉರಿಯೂ ಹಿಂಸೆಯೇ. ಹಾಗಿರುವಾಗ ಮೂರು ಸಲ ಸಾಗಿಸಬೇಕಾದ ಕಬ್ಬನ್ನು ಎರಡೇ ಸಲಕ್ಕೆ ಸಾಗಿಸಿದರೆ ಉರಿ ಕಡಿಮೆಯಾಗಿ ಹಿಂಸೆಯೂ ಕಡಿಮೆಯಾಗುವುದಲ್ಲವೇ? ಮೇಲೆ ಕಂಡ ಟನ್-ಕಿಲೋಮೀಟರ್ ಲೆಕ್ಕವೇ ಇಲ್ಲಿ ಧಾರ್ಮಿಕ ವೇಷದಲ್ಲಿ ಮರಳಿ ಬಂದಿದೆ. ಇದಕ್ಕೆ ಸಮಾಧಾನ ಎರಡು ಬಗೆಯಲ್ಲಿ ಹೇಳಬಹುದು. ಉಳಿದ ಡೀಸೆಲ್ ಉಳಿದೇ ಇರುತ್ತದೆ ಎಂಬುದಕ್ಕೆ ಭರವಸೆಯಿಲ್ಲ; ಎಂಜಿನ್‌ಗಳು ಮಿತವ್ಯಯಿಗಳಾದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲೇ ವಾದಿಸಿದ್ದರು, ಅಗ್ಗವಾದ ಸಾಗಣೆಯು ಇನ್ನಷ್ಟು ಸಾಗಣೆಯನ್ನು ಹುಟ್ಟಿಸುತ್ತದೆ ಎಂಬುದು ಅದೇ ವಾದದ ವಿಸ್ತರಣೆ. ಎರಡನೆಯದಾಗಿ, ಗೃಹಸ್ಥನ ಅಣುವ್ರತವು ಚಲಿಸುವ ತ್ರಸಜೀವಗಳನ್ನು ಸಂಕಲ್ಪಪೂರ್ವಕ ಕೊಲ್ಲದಿರುವುದನ್ನು ಮುಖ್ಯವಾಗಿ ಕೇಳುತ್ತದೆ, ಬೆಂಕಿ ಗಾಳಿಗಳ ಜೀವಗಳೂ ಸೇರಿದ ಸ್ಥಾವರಜೀವಗಳ ಮಟ್ಟಿಗೆ ಬೇಕಾದಷ್ಟಕ್ಕೇ ನಿಲ್ಲು ಎನ್ನುತ್ತದೆ. ಎಷ್ಟು ಬೇಕು ಎಂಬುದು ಮೊದಲೇ ಗೊತ್ತಾಗಿದ್ದರೆ ಮಾತ್ರ ಅದನ್ನು ಕಡಿಮೆ ಉರಿಯಲ್ಲಿ ಸಾಗಿಸುವುದಕ್ಕೆ ಪುಣ್ಯದ ಹೆಸರು ಒಪ್ಪುತ್ತದೆ. ಹೀಗೆ ನೋಡಿದಾಗ ವಾಹನಗಳ ಎರಡು ಮಾನಗಳು ಎರಡು ವ್ರತಗಳೊಡನೆ ಕೂಡಿಕೊಳ್ಳುತ್ತವೆ: ಮೈಲೇಜು ಅನರ್ಥದಂಡ ವ್ರತದ, ಅಂದರೆ ನಿಷ್ಪ್ರಯೋಜಕ ಹಿಂಸೆಯನ್ನು ಬಿಡುವ ವ್ರತದ ವಿಷಯ, ಎಳೆತವು ಪರಿಗ್ರಹಪರಿಮಾಣದ ವಿಷಯ. ಏನನ್ನೂ ಎಳೆಯದೆ ಬೀದಿಯಲ್ಲಿ ಮೆರೆಯುವ ದೊಡ್ಡ ಪಿಕಪ್ ಮೊದಲನೆಯದಕ್ಕೆ ತಪ್ಪುತ್ತದೆ, ಮಿತಿಮೀರಿ ಎಳೆಯುವ ಟ್ರ್ಯಾಕ್ಟರ್ ಎರಡನೆಯದಕ್ಕೆ.

ಪರಿಮಾಣವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವ ಈ ಕ್ರಮ ಜೈನರಿಗೆ ಮಾತ್ರ ಸೇರಿದ್ದಲ್ಲ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದ ಪ್ರಸಂಗವನ್ನು ಈ ಸೀಮೆಯ ಲಿಂಗಾಯತ ಮನೆಗಳು ಬಲ್ಲವು. ಮಾರಯ್ಯನ ತೋಳಿಗೆ ಆ ಅಕ್ಕಿ ಭಾರವಾಗಿರಲಿಲ್ಲ, ಯಾರಿಂದಲೂ ಕಿತ್ತು ತಂದದ್ದೂ ಆಗಿರಲಿಲ್ಲ. ಆದರೂ ಅದು ಹೆಚ್ಚಾಗಿತ್ತು. ಸಾಮರ್ಥ್ಯದ ಒಳಗಿದ್ದೂ ನ್ಯಾಯದ ಹೊರಗಿರುವ ಭಾರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಮಿತಿ ಹಾಕಿಕೊಳ್ಳುವ ಈ ಕ್ರಮದ ಕೊನೆಯ ಅಂಚಿನಲ್ಲಿ ನಿಪ್ಪಾಣಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರಂಥ ದಿಗಂಬರ ಮುನಿಗಳಿದ್ದಾರೆ. ಮಹಾವ್ರತಿಗಳಾದ ಅವರಿಗೆ ವಾಹನವೇ ನಿಷಿದ್ಧ, ವಿಹಾರವೆಲ್ಲ ಕಾಲ್ನಡಿಗೆಯಲ್ಲೇ. ಗೃಹಸ್ಥನಿಂದ ಧರ್ಮ ಅಷ್ಟನ್ನು ಕೇಳುವುದಿಲ್ಲ. ತನ್ನ ಮಿತಿಯನ್ನು ತಾನೇ ಹೇಳು, ಹೇಳಿದ ಮೇಲೆ ನಿಲ್ಲು ಎಂದಷ್ಟೇ ಕೇಳುತ್ತದೆ.

ಆ ಮಿತಿಯನ್ನು ಹೇಳಬೇಕಾದವರು ಯಾರು ಎಂಬುದು ಉಳಿದಿರುವ ಕಠಿಣ ಪ್ರಶ್ನೆ. ಕಡಿದ ಕಬ್ಬು ತಡವಾದಷ್ಟೂ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಕಡಿಯುವ ಗ್ಯಾಂಗಿಗೂ ಸಾಗಿಸುವ ವಾಹನಕ್ಕೂ ಹಣ ಸಿಗುವುದು ಟನ್ ಲೆಕ್ಕದಲ್ಲಿ. ಟ್ರ್ಯಾಕ್ಟರಿನ ಸಾಲದ ಕಂತು ಹಂಗಾಮು ಮುಗಿಯುವುದನ್ನು ಕಾಯುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅತಿಭಾರಕ್ಕೆ 20,000 ರೂಪಾಯಿಯನ್ನೂ ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ದಂಡವಾಗಿ ವಿಧಿಸುತ್ತದಾದರೂ, ರಸ್ತೆಯ ಮೇಲೆ ಅದರ ಕೈಗೆ ಮೊದಲು ಸಿಗುವವನು ಚಾಲಕ. ಶ್ರಾವಕಾಚಾರದ ನೋಟ ಅಲ್ಲಿಗೇ ನಿಲ್ಲುವುದಿಲ್ಲ. ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮನಸಾರೆ ಒಪ್ಪುವುದು ಅನುಮೋದಿತ ಎಂದು ಅದು ಕರ್ಮದ ಹೊಣೆಯನ್ನು ಮೂರಾಗಿ ಹಂಚುತ್ತದೆ. ಸ್ಟೇರಿಂಗ್ ಹಿಡಿದವನದು ಕೃತವಾದರೆ, ಟನ್ ಹೆಚ್ಚಿದಷ್ಟೂ ಗಳಿಕೆ ಹೆಚ್ಚುವಂತೆ ದರ ಗೊತ್ತುಮಾಡಿ ಮಿತಿಯ ಮಾತೆತ್ತದವರದು ಕಾರಿತ. ತೂಕದ ಕಾಟಾದ ಮೇಲೆ ದಾಖಲೆಯ ಹೇರು ಬಂತೆಂದು ಹಿಗ್ಗುವವರದು, ಸಾಗಣೆ ಅಗ್ಗವಾಯಿತೆಂದು ಸಮಾಧಾನಪಡುವವರದು ಅನುಮೋದಿತ. ಆದ್ದರಿಂದ ನ್ಯಾಯ್ಯ ಭಾರವನ್ನು ಚಾಲಕನೊಬ್ಬನ ಆತ್ಮಸಂಯಮಕ್ಕೆ ಬಿಟ್ಟುಕೊಡುವುದು ವ್ರತದ ಅರ್ಥವನ್ನೇ ಕಿರಿದಾಗಿಸಿದಂತೆ. ಹಂಗಾಮು ಆರಂಭವಾಗುವ ಮೊದಲು ಕಾರ್ಖಾನೆಯೂ ಬೆಳೆಗಾರರೂ ವಾಹನದವರೂ ಕೂಡಿ ಹೇರಿನ ಮಿತಿಯನ್ನು ಒಪ್ಪಿ, ಆ ಮಿತಿಯೊಳಗೇ ಬದುಕು ಸಾಗುವಂತೆ ದರವನ್ನು ಕಟ್ಟಿದರೆ ಆಗ ಪರಿಮಾಣವು ಸಮುದಾಯದ ವ್ರತವಾಗುತ್ತದೆ; ಯಾವ ಎಂಜಿನ್ ಕಡಿಮೆ ಕುಡಿದು ಹೆಚ್ಚು ಎಳೆಯುತ್ತದೆ ಎಂಬ ಹೋಲಿಕೆಗೂ ಆಗಲೇ ಧರ್ಮದ ಅರ್ಥ ಬರುತ್ತದೆ.