ಹೇಳದೆ ಉಳಿದ ಮಾತು

ವ್ಯಾಪಾರದಲ್ಲಿ ಸುಳ್ಳಾಡಬಾರದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹೇಳಬೇಕಾದುದನ್ನು ಹೇಳದೆ ಬಿಟ್ಟರೆ ಅದೂ ಅಸತ್ಯವಾಗುವುದೇ ಎಂದು ಕೇಳಿದಾಗ ಅಭಿಪ್ರಾಯಭೇದ ತಲೆದೋರುತ್ತದೆ. ಛಾಯಾಚಿತ್ರಗಳನ್ನು ಮುದ್ರಿಸಿಕೊಡುವ ಉದ್ಯೋಗದಲ್ಲಿ ಈ ಪ್ರಶ್ನೆ ದಿನನಿತ್ಯವೂ ಎದುರಾಗುತ್ತದೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. 2018ರ ಮಹಾಮಸ್ತಕಾಭಿಷೇಕದ ವರ್ಷ ಶ್ರವಣಬೆಳಗೊಳಕ್ಕೆ ಹೋದ ಮಗನೊಬ್ಬ, ಗೊಮ್ಮಟೇಶ್ವರನ ಪಾದದ ಬಳಿ ತಂದೆತಾಯಿಯರನ್ನು ನಿಲ್ಲಿಸಿ ಚಿತ್ರ ತೆಗೆದಿದ್ದ. ಅದರ 4×6 ಅಂಗುಲದ ಪ್ರತಿ ಮನೆಯಲ್ಲಿತ್ತು. ತಂದೆ ತೀರಿಕೊಂಡ ಬಳಿಕ, ಮನೆಯಲ್ಲಿದ್ದ ಚೌಕಟ್ಟಿಗೆ ಹೊಂದುವಂತೆ 8×10 ಅಂಗುಲದ ಪ್ರತಿಯನ್ನು ಸ್ಟುಡಿಯೋದಲ್ಲಿ ಕೇಳಿದ. ಚಿಕ್ಕ ಪ್ರತಿಯ ಎತ್ತರ ಅಗಲದ ಒಂದೂವರೆಯಷ್ಟು. ಅದೇ ಚಿತ್ರ 8 ಅಂಗುಲ ಅಗಲದಲ್ಲಿ ಪೂರ್ತಿ ಮೂಡಲು 12 ಅಂಗುಲ ಎತ್ತರ ಬೇಕು. 10 ಅಂಗುಲದ ಹಾಳೆಯನ್ನು ತುಂಬಿಸಿದರೆ 2 ಅಂಗುಲದಷ್ಟು ಚಿತ್ರ ಕತ್ತರಿಸಿ ಹೋಗುತ್ತದೆ. ಮುದ್ರಕ ಮೂರ್ತಿಯ ಶಿರಸ್ಸನ್ನು ಉಳಿಸಿ ಕೆಳಭಾಗವನ್ನು ಬಿಟ್ಟ. ತಂದೆತಾಯಿಯರು ಎದೆಮಟ್ಟಕ್ಕೆ ತುಂಡಾದರು.

“ಚಿತ್ರವನ್ನು ಹಾಳುಮಾಡಿದಿರಿ” ಎಂದು ಮಗ ನೊಂದು ನುಡಿದ. “ನೀವು ಹೇಳಿದ ಅಳತೆಯನ್ನೇ ಕೊಟ್ಟಿದ್ದೇನೆ” ಎಂದು ಮುದ್ರಕ ಉತ್ತರಿಸಿದ. ಅವರವರ ನಯದಿಂದ ನೋಡಿದರೆ ಇಬ್ಬರ ಮಾತೂ ಸತ್ಯ. ಅನೇಕಾಂತದೃಷ್ಟಿ ಇದನ್ನು ಕಾಣಿಸಿಕೊಟ್ಟು ಕೋಪವನ್ನು ಶಮನಗೊಳಿಸಬಲ್ಲದು. ಆದರೆ ಹೊಣೆ ಇಬ್ಬರದೂ ಸಮವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಳತೆಯ ಮರ್ಮ ಒಬ್ಬನಿಗೆ ಗೊತ್ತಿತ್ತು, ಮತ್ತೊಬ್ಬನಿಗೆ ಗೊತ್ತಿರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ನ್ಯಾಸಾಪಹಾರವೂ ಸೇರಿದೆ. ಒತ್ತೆಯಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ “ಹೌದು, ಅಷ್ಟೇ” ಎಂದು ಒಪ್ಪಿಬಿಡುವುದನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿ ಹಾಗೆ ವಿವರಿಸುತ್ತದೆ. ಮುದ್ರಕನಲ್ಲಿ ಅಪಹರಿಸುವ ಉದ್ದೇಶವಿರಲಿಲ್ಲ, ನಿಜ. ಆದರೂ ಗ್ರಾಹಕನ ತಿಳಿಯದಿರುವಿಕೆಯನ್ನು ಒಪ್ಪಿಗೆಯೆಂದು ಎಣಿಸಿದ ದೋಷ ಅವನಲ್ಲಿದೆ.

ಹಾಗಾದರೆ ಬಂದವರಿಗೆಲ್ಲ ಉದ್ಯೋಗದ ಸಮಸ್ತ ವಿದ್ಯೆಯನ್ನೂ ಬೋಧಿಸಬೇಕೇ? ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಆದುದರಿಂದ ಮುದ್ರಿತ ಚಿತ್ರ ಮಂಕಾಗಿ ತೋರಬಹುದು. ಇಂಥವನ್ನೆಲ್ಲ ವಿವರಿಸುತ್ತ ಕುಳಿತರೆ ಕೆಲಸ ಸಾಗದು. ಇದಕ್ಕೊಂದು ಮಿತಿಯುಂಟು: ಯಾವುದನ್ನು ತಿಳಿದಿದ್ದರೆ ಗ್ರಾಹಕ ಬೇರೆ ತೀರ್ಮಾನ ಮಾಡುತ್ತಿದ್ದನೋ ಅದನ್ನು ಹೇಳಲೇಬೇಕು. ತಂದೆತಾಯಿಯರು ತುಂಡಾಗುವರೆಂದು ತಿಳಿದಿದ್ದರೆ ಮಗ ಚೌಕಟ್ಟನ್ನೇ ಬದಲಿಸುತ್ತಿದ್ದ.

ಮುದ್ರಿಸುವ ಮೊದಲೇ ಕತ್ತರಿಸಿಹೋಗುವ ಗೆರೆಯನ್ನು ತೋರಿಸಿ, ಒಪ್ಪಿದ ಅಳತೆಯನ್ನು ರಸೀದಿಯಲ್ಲಿ ಬರೆದರೆ ಸಾಕು. ಆ ಬಳಿಕ ಮನಸ್ಸು ಬದಲಿಸಿದ ಗ್ರಾಹಕನು ಎರಡನೆಯ ಪ್ರತಿಯ ವೆಚ್ಚವನ್ನು ಹೊರುವುದು ನ್ಯಾಯ. ಅವನಿಗೂ ಸತ್ಯದ ಹೊಣೆಯಿದೆ. ಹಾಗೆ ತೋರಿಸದೆ ಮುದ್ರಿಸಿದಾಗ ಮಾತ್ರ ವಾದಕ್ಕೆ ಇಳಿಯುವುದು ಸಲ್ಲದು. “ಮೊದಲೇ ತಿಳಿಸದಿದ್ದುದು ನನ್ನ ತಪ್ಪು” ಎಂದು ಒಪ್ಪಿಕೊಂಡು 8×12ರ ಪ್ರತಿಯನ್ನು ಮುದ್ರಿಸಿಕೊಟ್ಟರೆ ಒಂದು ಹಾಳೆ ನಷ್ಟವಾಗುತ್ತದೆ. ಮಗನಿಗೆ ತಂದೆ ಪೂರ್ಣವಾಗಿ ಮರಳಿ ದೊರೆಯುತ್ತಾನೆ.