ಸಂಕಲ್ಪ, ಶರಣಾಗತಿ ಮತ್ತು ಟೋನಿ ಆಡಮ್ಸ್

ಟೋನಿ ಆಡಮ್ಸ್ ಇಂಗ್ಲೆಂಡಿನ ಫುಟ್‌ಬಾಲ್ ಕಂಡ ಹೆಸರಾಂತ ಡಿಫೆಂಡರುಗಳಲ್ಲಿ ಒಬ್ಬರು. 1966ರ ಅಕ್ಟೋಬರ್ 10ರಂದು ಲಂಡನ್ನಿನ ಪೂರ್ವದಂಚಿನ ರಾಮ್‌ಫರ್ಡ್‌ನಲ್ಲಿ ಹುಟ್ಟಿದ ಅವರು, 17 ತುಂಬಿ ತಿಂಗಳಾಗುವ ಮೊದಲೇ, 1983ರ ನವೆಂಬರಿನಲ್ಲಿ ಆರ್ಸೆನಲ್ ಪರ ಮೊದಲ ಪಂದ್ಯ ಆಡಿದರು. 2002ರಲ್ಲಿ ನಿವೃತ್ತರಾದಾಗಲೂ ಅದೇ ಕ್ಲಬ್ಬಿನಲ್ಲಿದ್ದರು. ಕ್ಲಬ್ಬಿಗೆ 669 ಪಂದ್ಯ, ದೇಶಕ್ಕೆ 66. ನಾಯಕರಾಗಿ 1989, 1991, 1998 ಮತ್ತು 2002ರಲ್ಲಿ, ಅಂದರೆ ಮೂರು ಬೇರೆ ಬೇರೆ ದಶಕಗಳಲ್ಲಿ, ಲೀಗ್ ಪ್ರಶಸ್ತಿ ಗೆದ್ದರು. ಈ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಹದಿಮೂರನ್ನು ಅವರು ಕುಡಿಯುತ್ತಲೇ ಕಳೆದರು, ಉಳಿದ ಆರರಲ್ಲಿ ಒಂದು ಹನಿಯೂ ಮುಟ್ಟಲಿಲ್ಲ. ಕೆಡುಕೆಂದು ಗೊತ್ತಿದ್ದೂ ಮನುಷ್ಯ ಅದನ್ನೇ ಏಕೆ ಮಾಡುತ್ತಾನೆ, ಕೊನೆಗೊಮ್ಮೆ ಬಿಟ್ಟಾಗ ಅದನ್ನು ಬಿಡಿಸಿದ್ದು ಅವನ ಸಂಕಲ್ಪವೇ ಅಥವಾ ಸಂಕಲ್ಪದ ಸೋಲೇ ಎಂಬ ಹಳೆಯ ಪ್ರಶ್ನೆಗೆ ಅವರ ಬದುಕು ಒಳ್ಳೆಯ ನಿದರ್ಶನ.

ಮೈದಾನದಲ್ಲಿ ಆಡಮ್ಸ್ ಅವರ ಕಸುಬು ಅಪ್ಪಣೆ ಕೊಡುವುದು. 1986ರಲ್ಲಿ ಮ್ಯಾನೇಜರಾಗಿ ಬಂದ ಜಾರ್ಜ್ ಗ್ರಹಾಂ 1988ರ ಆರಂಭದಲ್ಲಿ 21ರ ಹುಡುಗನಿಗೆ ನಾಯಕತ್ವ ಒಪ್ಪಿಸಿದರು. ಲೀ ಡಿಕ್ಸನ್, ಸ್ಟೀವ್ ಬೋಲ್ಡ್, ನೈಜೆಲ್ ವಿಂಟರ್‌ಬರ್ನ್ ಮತ್ತು ಆಡಮ್ಸ್ ಸೇರಿದ ಹಿಂದಿನ ಸಾಲಿನ ಮುಖ್ಯ ಅಸ್ತ್ರ ಆಫ್‌ಸೈಡ್ ಬಲೆ. ಎದುರಾಳಿ ಚೆಂಡನ್ನು ಮುಂದಕ್ಕೆ ಒದೆಯುವ ಗಳಿಗೆಗೆ ಸರಿಯಾಗಿ ನಾಲ್ವರೂ ಒಟ್ಟಿಗೆ ಒಂದೆರಡು ಹೆಜ್ಜೆ ಮುಂದೆ ಬಂದುಬಿಡಬೇಕು. ಅವರ ಬೆನ್ನ ಹಿಂದೆ ಉಳಿದ ಫಾರ್ವರ್ಡ್ ಆಗ ಆಫ್‌ಸೈಡ್. ಒಬ್ಬ ಡಿಫೆಂಡರ್ ಅರೆಕ್ಷಣ ತಡಮಾಡಿದರೂ ಬಲೆ ಹರಿಯಿತು, ಫಾರ್ವರ್ಡ್‌ಗೆ ಗೋಲ್‌ಕೀಪರ್ ಒಬ್ಬನೇ ಅಡ್ಡ. ಆ ಹೆಜ್ಜೆಗೆ ಸನ್ನೆ ಆಡಮ್ಸ್ ಅವರದು: ಕೂಗು ಹಾಕಿ, ಬಲಗೈ ಮೇಲೆತ್ತಿ ಲೈನ್ಸ್‌ಮನ್ ಕಡೆ ತಿರುಗುವ ಭಂಗಿ ಎಷ್ಟು ಮನೆಮಾತಾಗಿತ್ತೆಂದರೆ 1997ರ ‘ದ ಫುಲ್ ಮಾಂಟಿ’ ಚಿತ್ರದಲ್ಲಿ ಶೆಫೀಲ್ಡಿನ ನಿರುದ್ಯೋಗಿಗಳು ಸಾಲಾಗಿ ಕುಣಿಯುವುದನ್ನು ಕಲಿಯುವುದು ಆರ್ಸೆನಲ್‌ನ ಆಫ್‌ಸೈಡ್ ಬಲೆಯನ್ನು ನೆನೆಸಿಕೊಂಡು. 1990–91ರ ಲೀಗಿನಲ್ಲಿ ಈ ತಂಡ 38 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು, ಬಿಟ್ಟುಕೊಟ್ಟದ್ದು 18 ಗೋಲು.

ಅದೇ ಋತುವಿನ ನಡುವೆ ನಾಯಕ ಜೈಲಿನಲ್ಲಿದ್ದರು. 1990ರ ಮೇ ತಿಂಗಳಲ್ಲಿ ಎಸೆಕ್ಸಿನ ರೇಲಿಯಲ್ಲಿ, ಕಾನೂನಿನ ಮಿತಿಗಿಂತ ನಾಲ್ಕು ಪಟ್ಟು ಮೀರಿ ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದ್ದರು. ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಶಿಕ್ಷೆಯಾಯಿತು. ಅರ್ಧ ಕಳೆದು ಫೆಬ್ರವರಿಯಲ್ಲಿ ಹೊರಬಂದರು, ಮೇ ತಿಂಗಳಲ್ಲಿ ಟ್ರೋಫಿ ಎತ್ತಿದರು, ಕುಡಿತ ಮುಂದುವರಿಯಿತು. ಆಗಿನ ಇಂಗ್ಲಿಷ್ ಫುಟ್‌ಬಾಲಿನಲ್ಲಿ ಇದನ್ನು ವಿಚಿತ್ರವೆಂದು ಯಾರೂ ಎಣಿಸುತ್ತಿರಲಿಲ್ಲ. ಬುಧವಾರ ರಜೆಯಾದ್ದರಿಂದ ಮಂಗಳವಾರ ಅಭ್ಯಾಸ ಮುಗಿದ ಮೇಲೆ ತಂಡವೇ ಪಬ್ಬಿಗೆ ನಡೆಯುವುದು ಆರ್ಸೆನಲ್‌ನಲ್ಲಿ ವಾರದ ವಾಡಿಕೆ. ಕುಡಿದು ಮಾರನೆಯ ದಿನ ಬೆವರಿಳಿಸುವುದೇ ಗಂಡಸುತನವೆಂಬ ನಂಬಿಕೆಯಿತ್ತು. ಅಮಲು ಪೂರ್ತಿ ಇಳಿಯುವ ಮೊದಲೇ ಪಂದ್ಯಕ್ಕಿಳಿದದ್ದುಂಟೆಂದು ಆಡಮ್ಸ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. 1993ರಲ್ಲಿ ಬಿದ್ದು ಹಣೆಗೆ 29 ಹೊಲಿಗೆ ಹಾಕಿಸಿಕೊಂಡರು. ಪಂದ್ಯಗಳು ನಡೆಯುತ್ತಲೇ ಇದ್ದವು. ಟಾಟನ್‌ಹ್ಯಾಮ್ ವಿರುದ್ಧದ ಎಫ್‌ಎ ಕಪ್ ಸೆಮಿಫೈನಲಿನ ಏಕೈಕ ಗೋಲು ಹೊಡೆದದ್ದೂ ಆ ವರ್ಷವೇ.

ಇಲ್ಲಿ ತತ್ತ್ವಶಾಸ್ತ್ರದ ತೊಡಕು ಎದುರಾಗುತ್ತದೆ. ಪ್ಲೇಟೋ ಬರೆದ ‘ಪ್ರೊಟಾಗೊರಸ್’ನಲ್ಲಿ ಸಾಕ್ರೆಟಿಸನ ವಾದ ಸರಳ: ಗೊತ್ತಿದ್ದೂ ಯಾರೂ ಕೆಟ್ಟದ್ದನ್ನು ಆರಿಸಿಕೊಳ್ಳುವುದಿಲ್ಲ, ಆರಿಸಿಕೊಂಡರೆ ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂದರ್ಥ. ಅರಿಸ್ಟಾಟಲ್ ಇದನ್ನು ಹಾಗೇ ಒಪ್ಪಲಿಲ್ಲ. ‘ನಿಕೊಮೇಕಿಯನ್ ಎಥಿಕ್ಸ್’ನ ಏಳನೆಯ ಭಾಗದಲ್ಲಿ ಅವನು ಅರಿವಿದ್ದೂ ಜಾರುವವನನ್ನು ನಿದ್ದೆಯಲ್ಲಿರುವವನಿಗೆ, ಕುಡಿದವನಿಗೆ ಹೋಲಿಸುತ್ತಾನೆ. ಕುಡಿದವನು ಎಂಪೆಡೊಕ್ಲಿಸನ ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ, ಆದರೆ ಆ ಮಾತುಗಳು ಆ ಹೊತ್ತಿಗೆ ಅವನೊಳಗೆ ಕೆಲಸ ಮಾಡುತ್ತಿರುವುದಿಲ್ಲ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ, ತಾನು ಬಯಸುವ ಒಳ್ಳೆಯದನ್ನು ಮಾಡಲಾರದೆ ಬಯಸದ ಕೆಡುಕನ್ನೇ ಮಾಡುತ್ತಿರುವುದಾಗಿ ಗೋಳಿಡುತ್ತಾನೆ. ಗೀತೆಯ ಮೂರನೆಯ ಅಧ್ಯಾಯದ ಕೊನೆಗೆ ಅರ್ಜುನ ಕೇಳುವುದೂ ಇದನ್ನೇ: ಇಷ್ಟವಿಲ್ಲದಿದ್ದರೂ ಯಾರೋ ಬಲವಂತದಿಂದ ತಳ್ಳಿದ ಹಾಗೆ ಮನುಷ್ಯ ಪಾಪಕ್ಕಿಳಿಯುವುದು ಯಾವುದರಿಂದ? ಕೃಷ್ಣ ಕಾಮಕ್ರೋಧಗಳನ್ನು ಹೆಸರಿಸಿ, ಅವು ರಜೋಗುಣದಿಂದ ಹುಟ್ಟಿದವು ಎನ್ನುತ್ತಾನೆ.

ಇವುಗಳ ಮುಂದೆ ‘ಇಚ್ಛಾಶಕ್ತಿ ಸಾಲದು’ ಎಂಬ ದಿನನಿತ್ಯದ ತೀರ್ಪು ತೀರಾ ತೆಳುವಾಗಿ ಕಾಣುತ್ತದೆ. ಆಡಮ್ಸ್ ಅವರಲ್ಲಿ ಇಚ್ಛಾಶಕ್ತಿಗೆ ಬರವಿತ್ತೆಂದು ಯಾರೂ ಹೇಳಲಾರರು. ಮುರಿದ ಮೂಳೆಯಂತಹ ನೋವನ್ನೂ ನುಂಗಿ ಆಡುವ ಕಸುಬಿನಲ್ಲಿ ಉಳಿದ ಹತ್ತು ಮಂದಿಯನ್ನೂ ಎಳೆದೊಯ್ದವರು ಅವರು. ಆದ್ದರಿಂದ ಸಂಕಲ್ಪವೆಂಬುದು ಒಬ್ಬನಲ್ಲಿ ಇಷ್ಟು, ಇನ್ನೊಬ್ಬನಲ್ಲಿ ಅಷ್ಟು ಎಂದು ಅಳೆದಿಟ್ಟ ಸರಕಲ್ಲ. ಮೈದಾನದಲ್ಲಿ ಅದಕ್ಕೆ ಆಸರೆಗಳಿದ್ದವು: ಬಿಳಿ ಗೆರೆಗಳು, ಶಿಳ್ಳೆ, ತೊಂಬತ್ತು ನಿಮಿಷದ ಗಡಿ, ಅಕ್ಕಪಕ್ಕದಲ್ಲಿ ಮೂವರು. ಪಬ್ಬಿನಲ್ಲಿ ಆ ಯಾವುದೂ ಇರಲಿಲ್ಲ, ಇದ್ದ ಜೊತೆಗಾರರು ಗ್ಲಾಸು ತುಂಬಿಸುತ್ತಿದ್ದರು.

ಅಮೆರಿಕದ ತತ್ತ್ವಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಪ್ರಬಂಧವೊಂದರಲ್ಲಿ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ಪ್ರಾಣಿಗಳಿಗೂ ಬಯಕೆಗಳಿವೆ, ತನಗೆ ಎಂಥ ಬಯಕೆ ಇರಬೇಕೆಂಬ ಬಯಕೆ ಇರುವುದು ಮನುಷ್ಯನಿಗೆ. ಅವರ ಉದಾಹರಣೆಯಲ್ಲಿ ಒಬ್ಬ ವ್ಯಸನಿ ತನ್ನ ಚಟವನ್ನು ಒಪ್ಪಿಕೊಂಡು ಅದರಲ್ಲೇ ನೆಮ್ಮದಿಯಾಗಿದ್ದಾನೆ. ಇನ್ನೊಬ್ಬ ಅದನ್ನು ದ್ವೇಷಿಸುತ್ತಲೇ ಸೋಲುತ್ತಾನೆ. ಮೂರನೆಯವನಿಗೆ ಅದರ ಬಗ್ಗೆ ಯೋಚನೆಯೇ ಇಲ್ಲ. ಮೂವರೂ ಸೇವಿಸುವ ಪ್ರಮಾಣ ಒಂದೇ ಇದ್ದರೂ ಎರಡನೆಯವನ ಮಟ್ಟಿಗೆ ಆ ಚಟ ಅವನ ಸ್ವಂತ ಇಚ್ಛೆಯಲ್ಲ. ಆಡಮ್ಸ್ ಈ ಪಟ್ಟಿಯ ಮೊದಲನೆಯ ಜಾಗದಿಂದ ಎರಡನೆಯದಕ್ಕೆ ಬರಲು ಜೈಲು, ಆಸ್ಪತ್ರೆ, ಮುರಿಯುತ್ತಿದ್ದ ಸಂಸಾರ ಎಲ್ಲವೂ ಬೇಕಾದವು. ಫ್ರಾಂಕ್‌ಫರ್ಟ್ ಅವರ ವಿಂಗಡಣೆ ಚೊಕ್ಕವಾಗಿದೆ, ಆದರೆ ಎರಡನೆಯವನು ಅಲ್ಲಿಂದ ಹೊರಬರುವುದು ಹೇಗೆಂದು ಅದು ಹೇಳುವುದಿಲ್ಲ.

1996ರ ಯುರೋ ಕಪ್ಪಿನಲ್ಲಿ ಆಡಮ್ಸ್ ಇಂಗ್ಲೆಂಡಿನ ನಾಯಕ. ಜೂನ್ 26ರಂದು ವೆಂಬ್ಲಿಯಲ್ಲಿ ಜರ್ಮನಿಯ ಎದುರು ಸೆಮಿಫೈನಲ್ ಪೆನಾಲ್ಟಿಗಳಲ್ಲಿ ಕೈತಪ್ಪಿತು. ಟೂರ್ನಿ ಮುಗಿಯುವವರೆಗೆ ಕಟ್ಟಿಹಿಡಿದಿದ್ದ ಕುಡಿತ ಆಮೇಲೆ ವಾರಗಟ್ಟಲೆ ಹರಿಯಿತು. ಕೊನೆಯ ಗ್ಲಾಸು ಆಗಸ್ಟ್ 16ರಂದು. ಸೆಪ್ಟೆಂಬರ್ 14ರಂದು ತಾವು ಮದ್ಯವ್ಯಸನಿ ಎಂದು ಬಹಿರಂಗವಾಗಿ ಹೇಳಿದರು. ಸಹ ಆಟಗಾರ ಪಾಲ್ ಮರ್ಸನ್ ಎರಡು ವರ್ಷ ಮೊದಲೇ ಇಂಥದೇ ಮಾತನ್ನು ಪತ್ರಿಕೆಗಳ ಮುಂದೆ ಆಡಿದ್ದರು. ಆದರೆ ಯುರೋ ಕಪ್ಪಿನಲ್ಲಿ ದೇಶದ ತಂಡದ ನಾಯಕನಾಗಿದ್ದವನ ಬಾಯಿಂದ ಬಂದಾಗ ಅದರ ತೂಕವೇ ಬೇರೆ. ಆಡಮ್ಸ್ ಹಿಡಿದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹಾದಿ.

1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬಿಬ್ಬರು ಕುಡುಕರು ಕೂಡಿ ಆರಂಭಿಸಿದ ಈ ಕೂಟದ ಬೇರುಗಳು ಧರ್ಮದಲ್ಲಿವೆ. ಫ್ರಾಂಕ್ ಬುಕ್‌ಮನ್ ಎಂಬ ಲೂಥರನ್ ಪಾದ್ರಿ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪ್‌ನಿಂದ ತಪ್ಪೊಪ್ಪಿಗೆ, ಪರಿಹಾರಗಳ ಕ್ರಮ ಬಂತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ವಿಲ್ಸನ್ ಓದಿದ್ದು ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟಿಸಿದ, ಧಾರ್ಮಿಕ ಅನುಭವದ ಬಗೆಗಳನ್ನು ಕುರಿತ ಉಪನ್ಯಾಸಗಳನ್ನು. ಜೇಮ್ಸ್ ಅಲ್ಲಿ ಎರಡು ಬಗೆಯ ಪರಿವರ್ತನೆಗಳನ್ನು ಗುರುತಿಸುತ್ತಾರೆ. ಒಂದರಲ್ಲಿ ಮನುಷ್ಯ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಹೊಸ ನಡತೆಯನ್ನು ಕಟ್ಟಿಕೊಳ್ಳುತ್ತಾನೆ. ಇನ್ನೊಂದರಲ್ಲಿ ಹೆಣಗಾಟವನ್ನೇ ಕೈಬಿಡುತ್ತಾನೆ, ಏಕೆಂದರೆ ಹೆಣಗುತ್ತಿರುವ ‘ನಾನು’ ಎಂಬುದೇ ರೋಗದ ಬೀಡು. ಈ ಕೂಟ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದು ಮದ್ಯದ ಮುಂದೆ ತನ್ನ ಕೈಲಾಗದೆಂದು ಒಪ್ಪಿಕೊಳ್ಳುವುದು. ಮೂರನೆಯದು ತಾನು ಅರಿತಂಥ ದೇವರಿಗೆ ತನ್ನ ಇಚ್ಛೆಯನ್ನು ಒಪ್ಪಿಸುವುದು. ಗೆಲ್ಲುವುದನ್ನೇ ಕಸುಬಾಗಿಸಿಕೊಂಡ ನಾಯಕನಿಗೆ ಇದಕ್ಕಿಂತ ಕಹಿಯಾದ ಮದ್ದು ಇನ್ನೊಂದಿರಲಾರದು.

ಶರಣಾಗತಿಯಲ್ಲಿ ಶರಣಾದವನ ಪಾಲೆಷ್ಟು ಎಂಬುದು ಕನ್ನಡ ನಾಡಿಗೂ ಪರಿಚಯವಿರುವ ಜಗಳ. ರಾಮಾನುಜರ ನಂತರ ಶ್ರೀವೈಷ್ಣವರು ಈ ಪ್ರಶ್ನೆಯ ಮೇಲೆಯೇ ಎರಡು ಪಕ್ಷವಾದರು. ತೆಂಗಲೆಯವರದು ಮಾರ್ಜಾಲ ಕಿಶೋರ ನ್ಯಾಯ: ತಾಯಿ ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿ ಸುಮ್ಮನಿದ್ದರೆ ಸಾಕು. ವಡಗಲೆಯವರದು ಮರ್ಕಟ ಕಿಶೋರ ನ್ಯಾಯ: ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಳ್ಳಬೇಕು. ಸತ್ಯಾಗಾಲ, ಮೇಲುಕೋಟೆಗಳಲ್ಲಿ ಕೆಲಕಾಲ ತಂಗಿದ್ದರೆಂದು ಸಂಪ್ರದಾಯ ಹೇಳುವ ವೇದಾಂತ ದೇಶಿಕರು ಈ ಎರಡನೆಯ ಪಕ್ಷದ ಆಚಾರ್ಯರು. ಕೃಪೆ ದೇವರದೇ ಆದರೂ ಅದಕ್ಕೊಂದು ನೆಪವಾದರೂ ಜೀವಾತ್ಮನ ಕಡೆಯಿಂದ ಬರಬೇಕೆಂಬುದು ಅವರ ನಿಲುವು. ಹನ್ನೆರಡು ಹೆಜ್ಜೆಗಳು ಬಾಯಲ್ಲಿ ಬೆಕ್ಕಿನ ಪಕ್ಷವನ್ನು ಹೇಳಿದರೂ ನಡೆಯಲ್ಲಿ ಕೋತಿಮರಿಯ ಕಡೆಗೇ ಇವೆ. ಅಸಹಾಯಕನೆಂದು ಒಪ್ಪಿದ ಮರುಗಳಿಗೆಯಿಂದ ಕೆಲಸ ಶುರು: ತನ್ನ ತಪ್ಪುಗಳನ್ನು ಬರೆದಿಡಬೇಕು, ಇನ್ನೊಬ್ಬರೆದುರು ಹೇಳಬೇಕು, ನೊಂದವರನ್ನು ಹುಡುಕಿ ಸರಿಪಡಿಸಬೇಕು, ಸಭೆಗಳಿಗೆ ಹೋಗುತ್ತಿರಬೇಕು.

ಪಾಂಡವಗೀತೆಯಲ್ಲಿ ದುರ್ಯೋಧನನ ಬಾಯಿಂದ ಬರುವ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಧರ್ಮ ಗೊತ್ತು, ಆದರೆ ಅದರಲ್ಲಿ ನಡೆಯಲಾರೆ. ಅಧರ್ಮವೂ ಗೊತ್ತು, ಬಿಡಲಾರೆ. ಎದೆಯೊಳಗಿನ ಯಾವುದೋ ದೇವ ಆಡಿಸಿದಂತೆ ಆಡುತ್ತೇನೆ ಎನ್ನುತ್ತಾನೆ ಅವನು. ಮಾತಿನ ಮೇಲ್ಮೈಯಲ್ಲಿ ಇದೂ ಶರಣಾಗತಿಯೇ. ಆದರೆ ದುರ್ಯೋಧನನ ದೈವ ಹಿಂದಿನದಕ್ಕೆ ಸಮಜಾಯಿಷಿ ಕೊಡುತ್ತದೆ, ಮುಂದಿನದಕ್ಕೆ ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ಕೈಲಾಗದು ಎನ್ನುವ ಇಬ್ಬರಲ್ಲಿ ಒಬ್ಬ ಅಲ್ಲಿಗೇ ಮಾತು ಮುಗಿಸುತ್ತಾನೆ, ಇನ್ನೊಬ್ಬ ಅಲ್ಲಿಂದ ಕೆಲಸ ಶುರು ಮಾಡುತ್ತಾನೆ.

ಹಾಗಾದರೆ ವ್ಯಸನ ಪಾಪವೇ, ರೋಗವೇ? ರೋಗವಾದರೆ ರೇಲಿಯ ಗೋಡೆಗೆ ಗುದ್ದಿದವರನ್ನು ಜೈಲಿಗೆ ಹಾಕಿದ್ದು ಅನ್ಯಾಯವಾಗುತ್ತದೆ. ಪಾಪವಾದರೆ ಚಿಕಿತ್ಸಾಲಯಗಳೇ ಬೇಡವಾಗುತ್ತವೆ. ಈ ಇಕ್ಕಟ್ಟು ಹುಟ್ಟುವುದು ಎರಡು ಹೊಣೆಗಳನ್ನು ಒಂದೆಂದು ಎಣಿಸಿದಾಗ. ಸಕ್ಕರೆ ಕಾಯಿಲೆ ಬಂದದ್ದಕ್ಕೆ ರೋಗಿಯನ್ನು ಬೈಯುವವರಿಲ್ಲ, ಔಷಧ ತೆಗೆದುಕೊಳ್ಳದೆ ಬಸ್ಸು ಓಡಿಸಿದರೆ ಬೈಯದವರಿಲ್ಲ. ಆಡಮ್ಸ್ 1998ರ ಆತ್ಮಕಥೆ ‘ಅಡಿಕ್ಟೆಡ್’ನಲ್ಲಿ ತಮ್ಮನ್ನು ರೋಗಿಯೆಂದು ಕರೆದುಕೊಳ್ಳುತ್ತಲೇ ಮಾಡಿದ್ದನ್ನೆಲ್ಲ ತಮ್ಮದೆಂದೇ ಒಪ್ಪಿಕೊಳ್ಳುವುದು ಅಸಂಗತವೇನಲ್ಲ.

ದೇವರ ಪ್ರಶ್ನೆ ಇಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಮೂರನೆಯ ಹೆಜ್ಜೆಯ ‘ತಾನು ಅರಿತಂಥ’ ಎಂಬ ವಿಶೇಷಣ ನಾಸ್ತಿಕರಿಗೂ ಬಾಗಿಲು ತೆರೆದಿಟ್ಟಿದೆ. ಎಷ್ಟೋ ಜನರಿಗೆ ಆ ಮೇಲಿನ ಶಕ್ತಿಯೆಂದರೆ ಸಭೆಯಲ್ಲಿ ಸುತ್ತ ಕೂತವರೇ. ಆದರೂ ಆಡಮ್ಸ್ ಕುಡಿತ ಬಿಟ್ಟ 1996ರಲ್ಲೇ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ, ನಾಸ್ತಿಕ ಕೈದಿಯೊಬ್ಬನ ಮೊಕದ್ದಮೆಯಲ್ಲಿ, ಈ ಕಾರ್ಯಕ್ರಮದ ಸ್ವರೂಪ ಧಾರ್ಮಿಕವಾದದ್ದು, ಜೈಲಿನವರು ಅದನ್ನು ಹೇರುವಂತಿಲ್ಲ ಎಂದು ತೀರ್ಪಿತ್ತಿತು. ನ್ಯಾಯಾಲಯದ ಓದು ಸರಿಯೆಂದೇ ತೋರುತ್ತದೆ. ಪ್ರಾರ್ಥನೆ, ಒಪ್ಪಿಗೆ, ಪ್ರಾಯಶ್ಚಿತ್ತಗಳಿರುವ ಒಂದು ಕ್ರಮವನ್ನು ಧರ್ಮವಲ್ಲ ಎನ್ನುವುದು ಸಂಕೋಚದ ಮಾತು. ಫಲದ ಲೆಕ್ಕ ಬೇರೆಯೇ: 27 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಕುಡಿತವನ್ನು ಪೂರ್ತಿ ಬಿಡಿಸುವುದರಲ್ಲಿ ಈ ಹಾದಿ ಇತರ ಮನೋಚಿಕಿತ್ಸೆಗಳಿಗೆ ಸರಿಸಮ, ಕೆಲವು ಅಳತೆಗಳಲ್ಲಿ ಮೇಲು. ಅದು ದೇವರಿಂದಲೋ ಗೆಳೆಯರಿಂದಲೋ ಎಂಬುದನ್ನು ಅಂಕಿಗಳು ಹೇಳಲಾರವು.

ಕುಡಿತ ಬಿಟ್ಟ ಪುಣ್ಯಕ್ಕೆ ಕಪ್ಪುಗಳು ಬಂದವೆಂದು ಆಡಮ್ಸ್ ಕಥೆಯನ್ನು ಹೇಳುವ ರೂಢಿಯಿದೆ. ಆಧಾರವೂ ಇಲ್ಲದಿಲ್ಲ. 1996ರ ಅಕ್ಟೋಬರಿನಿಂದ ಮ್ಯಾನೇಜರಾದ ಆರ್ಸೆನ್ ವೆಂಗರ್ ಊಟ, ವ್ಯಾಯಾಮಗಳನ್ನು ಬದಲಿಸಿದರು. 1998ರ ಮೇ 3ರಂದು ಎವರ್ಟನ್ ವಿರುದ್ಧ, ಗೆದ್ದರೆ ಪ್ರಶಸ್ತಿ ಕೈಸೇರುವ ಪಂದ್ಯದ ಕೊನೆಯಲ್ಲಿ, ಹಳೆಯ ಜೊತೆಗಾರ ಬೋಲ್ಡ್ ಮೇಲೆತ್ತಿ ಕೊಟ್ಟ ಚೆಂಡನ್ನು ಆಡಮ್ಸ್ ಎದೆಯ ಮೇಲೆ ತಡೆದು ಎಡಗಾಲಿನಲ್ಲಿ ಗೋಲಿಗೆ ಹೊಡೆದರು. ಬಲೆಯ ಕಾವಲುಗಾರರಾಗಿದ್ದ ಇಬ್ಬರು ಸೆಂಟರ್ ಬ್ಯಾಕುಗಳು ಸೇರಿ ಕಟ್ಟಿದ ಗೋಲು ಅದು. ಆದರೆ ಅದಕ್ಕೂ ಮೊದಲಿನ ಎರಡು ಲೀಗ್ ಪ್ರಶಸ್ತಿಗಳು ಬಂದದ್ದು ಕುಡಿಯುತ್ತಿದ್ದಾಗ. ಕುಡಿತ ಬಿಟ್ಟ ತಿಂಗಳಲ್ಲೇ ಇಂಗ್ಲೆಂಡಿನ ನಾಯಕತ್ವ ಅಲನ್ ಶಿಯರರ್ ಪಾಲಾಯಿತು. ಮುಂದೆ ಮ್ಯಾನೇಜರಾಗಿ ವಿಕಂ, ಪೋರ್ಟ್ಸ್‌ಮತ್, ಅಜರ್‌ಬೈಜಾನಿನ ಗಬಾಲಾ ಸುತ್ತಿದರೂ ಹೇಳಿಕೊಳ್ಳುವಂಥದ್ದೇನೂ ಕೂಡಿಬರಲಿಲ್ಲ. 2017ರಲ್ಲಿ ಸ್ಪೇನಿನ ಗ್ರನಾಡಾ ತಂಡ ಅವರ ಕೈಕೆಳಗೆ ಆಡಿದ ಏಳಕ್ಕೆ ಏಳೂ ಪಂದ್ಯಗಳನ್ನು ಸೋತಿತು.

ಹನ್ನೆರಡನೆಯ ಹೆಜ್ಜೆ, ಪಡೆದದ್ದನ್ನು ಇನ್ನೊಬ್ಬ ವ್ಯಸನಿಗೆ ದಾಟಿಸುವುದು. 2000ರಲ್ಲಿ, ಇನ್ನೂ ಆಡುತ್ತಿದ್ದಾಗಲೇ, ಆಡಮ್ಸ್ ‘ಸ್ಪೋರ್ಟಿಂಗ್ ಚಾನ್ಸ್’ ಎಂಬ ಚಿಕಿತ್ಸಾಲಯ ಸ್ಥಾಪಿಸಿದರು. ಕುಡಿತ, ಮಾದಕವಸ್ತು, ಜೂಜುಗಳಿಗೆ ಬಿದ್ದ ಆಟಗಾರರು ಅಲ್ಲಿಗೆ ಬರುತ್ತಾರೆ, ಆಟಗಾರರ ಸಂಘವೇ ಹಲವರನ್ನು ಕಳಿಸಿಕೊಡುತ್ತದೆ.